ಆಲಿಸುವ ಕೋಣೆಯ ಧ್ವನಿಸಂಸ್ಕಾರ

ಗೃಹಸ್ಥನೊಬ್ಬನು ಹೊಸ ಮನೆಯನ್ನು ಕಟ್ಟಿಸಿ, ಅದರಲ್ಲಿ ಸಂಗೀತವನ್ನು ಕೇಳಲೆಂದೇ ಒಂದು ಕೋಣೆಯನ್ನು ಮೀಸಲಾಗಿಟ್ಟನೆಂದು ಭಾವಿಸೋಣ. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಗ್ರಾನೈಟು, ಗೋಡೆಗೆ ನುಣ್ಣನೆಯ ಸಿಮೆಂಟು ಗಿಲಾವು, ಮೇಲೆ ಕಾಂಕ್ರೀಟಿನ ತಾರಸಿ, ಒಂದು ಪಕ್ಕದಲ್ಲಿ ಅಗಲವಾದ ಗಾಜಿನ ಕಿಟಕಿ. ಬೆಲೆಬಾಳುವ ಎರಡು ಸ್ಪೀಕರುಗಳನ್ನು ತಂದಿರಿಸಿ, ಪಂಡಿತ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನವೊಂದನ್ನು ಮೊಟ್ಟಮೊದಲು ಹಚ್ಚಿದನು. ರಾಗವೇನೋ ಕೋಣೆಯನ್ನೆಲ್ಲ ತುಂಬಿತು. ಮಾತು ಮಾತ್ರ ತಿಳಿಯಲಿಲ್ಲ. ಒಂದು ನುಡಿಯ ಬಾಲವು ಮುಂದಿನ ನುಡಿಯ ತಲೆಯ ಮೇಲೆ ಬಿದ್ದು ಎರಡೂ ಕಲಸಿಹೋದವು. ಡಗ್ಗೆಯ ಪೆಟ್ಟುಗಳು ಒಂದರಿಂದೊಂದು ಬೇರೆಯಾಗಿ ಕೇಳದೆ ಒಂದೇ ಗುಂಗಾದವು. ಅದೇ ವಚನವನ್ನು ಅವನು ಬಾಲ್ಯದಲ್ಲಿ ತಂದೆಯ ಮಾಳಿಗೆಮನೆಯ ಪಡಸಾಲೆಯಲ್ಲಿ, ಅಂಗೈಯಗಲದ ಸ್ಪೀಕರಿದ್ದ ಟೇಪ್‌ರೆಕಾರ್ಡರಿನಿಂದ ಕೇಳಿದ್ದನು. ಆಗ ಒಂದಕ್ಷರವೂ ತಪ್ಪಿರಲಿಲ್ಲ. ಗೃಹಸ್ಥನು ಯಂತ್ರವನ್ನು ದೂರಿದನು. ಮಾರಿದವನು ಇನ್ನೂ ದೊಡ್ಡ ಯಂತ್ರವನ್ನು ಕೊಳ್ಳುವಂತೆ ಸಲಹೆಯಿತ್ತನು. ದೋಷವಿದ್ದುದು ಯಂತ್ರದಲ್ಲಲ್ಲ, ಕೋಣೆಯಲ್ಲಿ.

ಇದು ಒಬ್ಬ ಗೃಹಸ್ಥನ ಕಥೆಯಲ್ಲ. ಮನೆಯಲ್ಲಿ ಕುಳಿತು ಉತ್ತಮ ಸಂಗೀತವನ್ನು ಕೇಳಬೇಕೆಂಬ ಅಭಿರುಚಿಯುಳ್ಳವರು ಯಂತ್ರಕ್ಕೆ ಲಕ್ಷಗಟ್ಟಲೆ ವ್ಯಯಿಸುತ್ತಾರೆ. ಆ ಯಂತ್ರವು ಯಾವ ನಾಲ್ಕು ಗೋಡೆಗಳ ನಡುವೆ ಉಲಿಯುವುದೋ ಅವುಗಳ ವಿಚಾರವನ್ನು ಮಾತ್ರ ಮಾಡುವುದಿಲ್ಲ. ವಚನವೆಂದರೆ ಮಾತು. ಮಾತೇ ಕರಗಿಹೋದ ಬಳಿಕ ವಚನಗಾಯನದಲ್ಲಿ ಉಳಿಯುವುದೇನು? ಕೋಣೆಯ ಈ ದೋಷವನ್ನು ಪರಿಹರಿಸುವ ಕ್ರಮಕ್ಕೆ ಧ್ವನಿಸಂಸ್ಕಾರವೆಂಬ ಹೆಸರು ಒಪ್ಪುವುದು. ಸಂಸ್ಕಾರಕ್ಕೆ ಶಾಸ್ತ್ರದಲ್ಲಿ ಎರಡು ಅಂಗಗಳನ್ನು ಹೇಳುತ್ತಾರೆ: ಇರುವ ದೋಷವನ್ನು ಕಳೆಯುವುದು, ಇಲ್ಲದ ಗುಣವನ್ನು ಇರಿಸುವುದು. ಕೋಣೆಯ ಮಟ್ಟಿಗೂ ಈ ಎರಡೂ ಬೇಕಾಗುತ್ತವೆ.

ಶಬ್ದವು ಹೇಗೆ ಹಬ್ಬುವುದೆಂಬುದಕ್ಕೆ ನಮ್ಮ ನ್ಯಾಯವೈಶೇಷಿಕರು ಎರಡು ದೃಷ್ಟಾಂತಗಳನ್ನು ಇತ್ತಿದ್ದಾರೆ. ಕೊಳದಲ್ಲಿ ಒಂದಲೆಯಿಂದ ಇನ್ನೊಂದಲೆ ಹುಟ್ಟಿ ದಡದವರೆಗೆ ಸಾಗುವಂತೆ ಶಬ್ದವು ಸಾಗುತ್ತದೆಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ದಿಕ್ಕಿಗೂ ಬಿರಿಯುವಂತೆ ಶಬ್ದವು ಸುತ್ತಲೂ ಹರಡುವುದೆಂಬುದು ಕದಂಬಮುಕುಲನ್ಯಾಯ. ಅವರು ಶಬ್ದಕ್ಕೆ ಆಶ್ರಯವೆಂದು ಆಕಾಶವನ್ನು ಹೇಳಿದರು. ಇಂದಿನ ವಿಜ್ಞಾನವು ಗಾಳಿಯನ್ನು ಹೇಳುತ್ತದೆ. ದೃಷ್ಟಾಂತಗಳು ಎರಡೂ ಕೋಣೆಯನ್ನು ಅರಿಯುವುದಕ್ಕೆ ಸಾಕು. ಶಬ್ದವು ಕೇಳುಗನ ಕಿವಿಯತ್ತ ಮಾತ್ರ ಹೋಗುವುದಿಲ್ಲ. ಎಲ್ಲ ದಿಕ್ಕಿಗೂ ಬಿರಿಯುತ್ತದೆ. ದಡವನ್ನು ಮುಟ್ಟಿದ ಅಲೆಯು ಅಲ್ಲಿಗೇ ನಿಲ್ಲದೆ ಮರಳುತ್ತದೆ.

15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳಿರಿ. ಶಬ್ದದ ವೇಗವು ಸೆಕೆಂಡಿಗೆ ಸುಮಾರು 1,130 ಅಡಿ. ಇಂತಹ ಕೋಣೆಯಲ್ಲಿ ಶಬ್ದವು ಸರಾಸರಿ 8 ಅಡಿಗೊಮ್ಮೆ ಯಾವುದಾದರೊಂದು ಮೇಲ್ಮೈಯನ್ನು ತಾಕುವುದರಿಂದ, ಒಂದು ಸೆಕೆಂಡಿನಲ್ಲಿ ಸುಮಾರು 140 ಸಲ ಬಡಿದು ಮರಳುತ್ತದೆ. ಒಂದೊಂದು ಬಡಿತದಲ್ಲಿಯೂ ಗಿಲಾವು, ಕಲ್ಲು, ಗಾಜುಗಳು ಹೀರಿಕೊಳ್ಳುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಉಳಿದುದೆಲ್ಲ ತಿರುಗಿ ಕೋಣೆಗೇ ಬರುತ್ತದೆ. ಹೀಗೆ ಮೂಲಶಬ್ದವು ನಿಂತ ಮೇಲೆಯೂ ಸುಳಿದಾಡುತ್ತ ಮೆಲ್ಲಮೆಲ್ಲನೆ ಕ್ಷೀಣಿಸುವ ನಾದಕ್ಕೆ ಅನುರಣನವೆಂದು ಹೆಸರು.

ಈ ಪದವು ಕಾವ್ಯಮೀಮಾಂಸೆಯನ್ನು ಓದಿದವರಿಗೆ ಹಳೆಯ ಪರಿಚಯದ್ದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು, ವಾಚ್ಯಾರ್ಥವು ಮುಗಿದ ಬಳಿಕ ಘಂಟೆಯ ಗುಂಗಿನಂತೆ ಹಿಂದಿನಿಂದ ಹೊಮ್ಮುವ ವ್ಯಂಗ್ಯಾರ್ಥವನ್ನು ಅನುರಣನಕ್ಕೆ ಹೋಲಿಸಿದನು. ಕಾವ್ಯದಲ್ಲಿ ಅದು ಜೀವ. ಕೋಣೆಯಲ್ಲಿ ಅಳತೆ ಮೀರಿದರೆ ಅದೇ ದೋಷ. ಏಕೆಂದರೆ ಮೊದಲನೆಯ ಮಾತಿನ ಗುಂಗು ಮುಗಿಯುವ ಮುನ್ನವೇ ಎರಡನೆಯ ಮಾತು ಬಂದು ನಿಲ್ಲುತ್ತದೆ.

ಅನುರಣನವನ್ನು ಪ್ರತಿಧ್ವನಿಯೊಡನೆ ಬೆರೆಸಬಾರದು. ಮರಳಿ ಬರುವ ಶಬ್ದವು ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ತಡವಾಗಿ, ಬೇರೆಯ ಶಬ್ದವಾಗಿಯೇ ಕೇಳಿಸಿದರೆ ಅದು ಪ್ರತಿಧ್ವನಿ. ಅದಕ್ಕೆ ಗೋಡೆಯು ಸುಮಾರು 17 ಮೀಟರಾದರೂ ದೂರವಿರಬೇಕೆಂದು ಶಾಲೆಯ ಪಠ್ಯಗಳಲ್ಲಿ ಹೇಳುತ್ತಾರೆ. ವಿಜಯಪುರದ ಗೋಲಗುಮ್ಮಟದಲ್ಲಿ, ಸುಮಾರು 38 ಮೀಟರು ಒಳವ್ಯಾಸದ ಗುಮ್ಮಟದ ಕೆಳಗೆ, ಇದು ಪರಮಾವಧಿಯನ್ನು ಮುಟ್ಟಿದೆ. ಚಪ್ಪಾಳೆಯೊಂದು ಹಲವು ಚಪ್ಪಾಳೆಗಳಾಗುವುದು. ಗೋಡೆಯ ಬಳಿ ಪಿಸುಗುಟ್ಟಿದ ಮಾತು ಗೋಡೆಯ ಬಾಗನ್ನೇ ಹಿಡಿದು ನಡೆದು ಎದುರು ದಿಕ್ಕಿನಲ್ಲಿ ನಿಂತವನ ಕಿವಿಗೆ ಬೀಳುವುದು. ಲಂಡನ್ನಿನ ಸಂತ ಪಾಲರ ಇಗರ್ಜಿಯ ಇಂತಹದೇ ಪಿಸುಮಾತಿನ ಮೊಗಸಾಲೆಯನ್ನು 1921ರಲ್ಲಿ ಸಿ. ವಿ. ರಾಮನ್ನರು ಸದರ್ಲೆಂಡ್ ಎಂಬವರೊಡನೆ ಪರೀಕ್ಷಿಸಿದ್ದುಂಟು. ನೋಡಲು ಹೋದವರಿಗೆ ಇವು ವಿಸ್ಮಯಗಳು. ಆದರೆ ಗೋಲಗುಮ್ಮಟದ ಕೆಳಗೆ ಕುಳಿತು ದ್ರುತಲಯದ ತಾನುಗಳನ್ನು ಕೇಳಬೇಕೆಂದು ಯಾವ ರಸಿಕನೂ ಬಯಸಲಾರನು. ಮನೆಯ ಕೋಣೆಯಲ್ಲಿ ಗೋಡೆಗಳು ಹತ್ತಿರವಿರುವುದರಿಂದ ಪ್ರತಿಧ್ವನಿಯ ಭಯವಿಲ್ಲ, ಅನುರಣನದ್ದೇ ಭಯ.

ಮಾತು ಕೆಡುವುದೇಕೆಂಬುದನ್ನು ವ್ಯಾಕರಣದ ಕಡೆಯಿಂದ ನೋಡಿದರೆ ಸ್ಪಷ್ಟವಾಗುತ್ತದೆ. ತಾನೇ ಬೆಳಗುವುದು ಸ್ವರ, ಅದನ್ನು ಅನುಸರಿಸಿ ನಡೆಯುವುದು ವ್ಯಂಜನ ಎಂಬುದು ವೈಯಾಕರಣರ ನಿರ್ವಚನ. ಸ್ವರವು ಬಲವಾಗಿಯೂ ದೀರ್ಘವಾಗಿಯೂ ಉಲಿಯುವುದು. ವ್ಯಂಜನವು ದುರ್ಬಲ, ಕ್ಷಣಿಕ. ಹೀಗಿದ್ದರೂ ಅರ್ಥವನ್ನು ಬೇರ್ಪಡಿಸುವ ಹೊರೆ ಹೆಚ್ಚಾಗಿ ವ್ಯಂಜನದ ಮೇಲೆಯೇ ಇದೆ. ಕಡೆ, ತಡೆ, ಪಡೆ, ನಡೆ ಎಂಬ ನಾಲ್ಕು ಮಾತುಗಳಲ್ಲಿ ಸ್ವರಗಳೆಲ್ಲ ಒಂದೇ. ಭೇದವಿರುವುದು ಮೊದಲ ವ್ಯಂಜನದಲ್ಲಿ ಮಾತ್ರ. ಅನುರಣನವು ಹೆಚ್ಚಿದ ಕೋಣೆಯಲ್ಲಿ ಹಿಂದಿನ ಸ್ವರದ ಬಾಲವು ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೂ ಒತ್ತಕ್ಷರಗಳ ಬಿಗಿಯೂ ಎಲ್ಲಕ್ಕಿಂತ ಮುಂಚೆ ಅಳಿಯುತ್ತವೆ. ವಯಸ್ಸಾದವರಿಗೆ ಇದರ ತೊಂದರೆ ಇಮ್ಮಡಿ. ಅವರ ಕಿವಿಯಲ್ಲಿ ತಾರಶ್ರುತಿಯ ನಾದಗಳು ಮೊದಲೇ ಮಸುಕಾಗಿರುತ್ತವೆ. ಸಕಾರ, ತಕಾರ ಮೊದಲಾದುವು ಹೆಚ್ಚಾಗಿ ನಿಂತಿರುವುದು ಆ ನಾದಗಳ ಮೇಲೆ. ಮನೆಯ ಹಿರಿಯರು ಯಂತ್ರದ ಶಬ್ದವನ್ನು ಏರಿಸಿರೆಂದು ಪದೇ ಪದೇ ಹೇಳುವರಾದರೆ, ಅವರ ಕಿವಿಯನ್ನು ಶಂಕಿಸುವ ಮೊದಲು ಕೋಣೆಯನ್ನು ಒಮ್ಮೆ ಶಂಕಿಸುವುದು ಒಳ್ಳೆಯದು. ಶಬ್ದವನ್ನು ಏರಿಸಿದರೆ ಮಾತಿನೊಡನೆ ಅದರ ಬಾಲವೂ ಅಷ್ಟೇ ಏರುವುದು. ಸ್ಪಷ್ಟತೆಯು ಎಳ್ಳಷ್ಟೂ ಹೆಚ್ಚುವುದಿಲ್ಲ. ಪ್ರಾರ್ಥನಾಮಂದಿರಗಳಿಗೂ ಪ್ರವಚನಮಂದಿರಗಳಿಗೂ ಧ್ವನಿವರ್ಧಕಗಳನ್ನು ದಾನವಾಗಿ ಕೊಡುವ ಪುಣ್ಯವಂತರು ಈ ಮಾತನ್ನು ನೆನಪಿನಲ್ಲಿಡಬೇಕು.

ಅನುರಣನವನ್ನು ಅಳೆಯಬಹುದು, ಲೆಕ್ಕಹಾಕಬಹುದು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸಮಂದಿರವು ಹೊಸದಾಗಿ ಸಿದ್ಧವಾಗಿತ್ತು. ಆದರೆ ಅದರಲ್ಲಿ ಉಪನ್ಯಾಸವೇ ಕೇಳುತ್ತಿರಲಿಲ್ಲ. ವಿಶ್ವವಿದ್ಯಾಲಯದ ಅಧ್ಯಕ್ಷನು ಇದನ್ನು ಸರಿಪಡಿಸೆಂದು, ಆಗಿನ್ನೂ 27 ವರ್ಷದ ಭೌತಶಾಸ್ತ್ರದ ಅಧ್ಯಾಪಕನಾಗಿದ್ದ ಸೇಬಿನ್‌ನಿಗೆ ಹೇಳಿದನು. ಸೇಬಿನ್ ಒಂದು ಆರ್ಗನ್ ಕೊಳವೆಯನ್ನು ನುಡಿಸಿ ನಿಲ್ಲಿಸಿ, ಅದರ ನಾದವು ಕಿವಿಗೆ ಕೇಳದಂತಾಗುವವರೆಗಿನ ಕಾಲವನ್ನು ಅಳೆದನು. ಬರಿದಾದ ಮಂದಿರದಲ್ಲಿ ಅದು 5.62 ಸೆಕೆಂಡು! ಅಷ್ಟರೊಳಗೆ ಉಪನ್ಯಾಸಕನು ಒಂದಿಡೀ ವಾಕ್ಯವನ್ನೇ ಹೇಳಿ ಮುಗಿಸಬಹುದು.

ಬಳಿಕ ಅವನು ಮಾಡಿದ ಕೆಲಸವು ತಪಸ್ಸಿನಂತಹುದು. ಊರು ಮಲಗಿದ ರಾತ್ರಿಯ ಹೊತ್ತಿನಲ್ಲಿ ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಆಸನದ ದಿಂಬುಗಳನ್ನು ತರಿಸಿ, ಸ್ವಲ್ಪಸ್ವಲ್ಪವಾಗಿ ಮಂದಿರದೊಳಗಿರಿಸುತ್ತ, ಪ್ರತಿಸಲವೂ ನಾದದ ಕಾಲವನ್ನು ಅಳೆದನು. ದಿಂಬುಗಳು ಹೆಚ್ಚಿದಂತೆ ಕಾಲವು ಇಳಿಯಿತು. ಆಸನ, ನಡೆಹಾದಿ, ವೇದಿಕೆ, ಹಿಂಗೋಡೆಗಳನ್ನೆಲ್ಲ ದಿಂಬುಗಳಿಂದ ಮುಚ್ಚಿದಾಗ ಅದು 1.14 ಸೆಕೆಂಡಿಗೆ ಬಂದಿತು. ನಡುವೆ ಒಂದು ವಿಚಿತ್ರವೂ ನಡೆಯಿತು. ತಾನು ತೊಟ್ಟ ಬಟ್ಟೆಯೂ ಶಬ್ದವನ್ನು ಹೀರಿ ಲೆಕ್ಕವನ್ನು ತಪ್ಪಿಸುತ್ತಿದೆಯೆಂದು ತಿಳಿದಾಗ, ಅಲ್ಲಿಯವರೆಗೆ ಸಂಗ್ರಹಿಸಿದ್ದ ಸಾವಿರಾರು ಅಳತೆಗಳನ್ನು ಅವನು ಬದಿಗೊತ್ತಿ, ಮುಂದೆ ಪ್ರತಿಸಲವೂ ಒಂದೇ ಉಡುಪನ್ನು ತೊಟ್ಟು ಪ್ರಯೋಗಗಳನ್ನು ಮೊದಲಿನಿಂದ ನಡೆಸಿದನು. ವಿದ್ಯೆಯನ್ನು ಅರಸುವವನಿಗೆ ಇರಬೇಕಾದ ಪ್ರಾಮಾಣಿಕತೆಯನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವಾಗ ಅಧ್ಯಾಪಕರು ಈ ಪ್ರಸಂಗವನ್ನು ಉದಾಹರಿಸಬಹುದು. 1898ರಲ್ಲಿ ಅವನಿಗೆ ಸೂತ್ರವು ದೊರೆಯಿತು. ಅದರ ಆಧಾರದ ಮೇಲೆ ರೂಪಿಸಿದ ಬಾಸ್ಟನ್ ನಗರದ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಇಂದಿಗೂ ಅದು ಜಗತ್ತಿನ ಉತ್ಕೃಷ್ಟ ಸಂಗೀತಮಂದಿರಗಳಲ್ಲಿ ಒಂದೆಂದು ಗಣ್ಯವಾಗಿದೆ.

ಸೇಬಿನ್‌ನ ಸೂತ್ರವು ಅತಿ ಸರಳ. ತೆರೆದ ಕಿಟಕಿಯಿಂದ ಹೊರಹೋದ ಶಬ್ದವು ಮರಳಿ ಬಾರದು; ಆದ್ದರಿಂದ 1 ಚದರಡಿ ತೆರೆದ ಕಿಟಕಿಯನ್ನು ಹೀರುವಿಕೆಯ ಒಂದು ಮಾನವೆಂದು ಹಿಡಿದರು. ಈ ಮಾನಕ್ಕೆ ಅವನ ಹೆಸರೇ ನಿಂತಿದೆ. ಕೋಣೆಯ ಘನ ಅಡಿಗಳನ್ನು 0.049ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಸೇಬಿನ್‌ಗಳಿಂದ ಭಾಗಿಸಿದರೆ ಅನುರಣನಕಾಲವು ಸೆಕೆಂಡುಗಳಲ್ಲಿ ಬರುತ್ತದೆ. ಶಬ್ದದ ಶಕ್ತಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಅನುರಣನಕಾಲ.

ಗೃಹಸ್ಥನ ಕೋಣೆಗೆ ಇದನ್ನು ಅನ್ವಯಿಸೋಣ. ಘನಫಲ 1,800 ಅಡಿ. ನೆಲ, ಗೋಡೆ, ತಾರಸಿಗಳ ಒಟ್ಟು ವಿಸ್ತೀರ್ಣ 900 ಚದರಡಿ. ನೂರಕ್ಕೆ ಮೂರರಂತೆ ಹೀರಿದರೂ ಇರುವುದು 27 ಸೇಬಿನ್. ಲೆಕ್ಕದಂತೆ ಅನುರಣನಕಾಲ ಸುಮಾರು 3¼ ಸೆಕೆಂಡು. ಸಾಧಾರಣವಾಗಿ ಮಾತನಾಡುವವನು ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುವುದರಿಂದ, ಹತ್ತಾರು ಅಕ್ಷರಗಳ ನೆರಳು ಏಕಕಾಲದಲ್ಲಿ ಕೋಣೆಯಲ್ಲಿ ಸುಳಿಯುತ್ತಿರುತ್ತದೆ. ಮನೆಯ ಆಲಿಸುವ ಕೋಣೆಗೆ ಒಪ್ಪುವ ಕಾಲವು ಅರ್ಧ ಸೆಕೆಂಡಿಗೆ ತುಸು ಒಳಗೆ, 0.4 ಸೆಕೆಂಡೆಂದು ಹಿಡಿದರೆ 220 ಸೇಬಿನ್ ಬೇಕು. ಸಂಗೀತಮಂದಿರಕ್ಕೆ ಸುಮಾರು ಎರಡು ಸೆಕೆಂಡು ಶೋಭಿಸುವಾಗ ಮನೆಗೆ ಇಷ್ಟು ಅಲ್ಪವೇಕೆ ಎಂದು ಕೇಳಬಹುದು. ಧ್ವನಿಮುದ್ರಿಕೆಯು ತಾನು ಹುಟ್ಟಿದ ಮಂದಿರದ ಅನುರಣನವನ್ನು ತನ್ನೊಡನೆಯೇ ತಂದಿರುತ್ತದೆ. ಅದರ ಮೇಲೆ ಮನೆಯ ಕೋಣೆಯು ತನ್ನದನ್ನೂ ಹೊದಿಸಿದರೆ, ಬರೆದ ಹಾಳೆಯ ಮೇಲೆ ಮತ್ತೆ ಬರೆದಂತಾಗುವುದು.

ಈ 220 ಸೇಬಿನ್ ಎಲ್ಲಿಂದ ಬರಬೇಕು? ಹೆಚ್ಚಿನ ಪಾಲು ಮನೆಯೊಳಗಿನ ವಸ್ತುಗಳಿಂದಲೇ. ದಪ್ಪನೆಯ ಪರದೆಯನ್ನು ಬಿಗಿದು ಕಟ್ಟದೆ, ನೆರಿಗೆ ನೆರಿಗೆಯಾಗಿ, ಗೋಡೆಯಿಂದ ಆರಂಗುಲ ಬಿಟ್ಟು 80 ಚದರಡಿಯಷ್ಟು ಇಳಿಬಿಟ್ಟರೆ ಸುಮಾರು 40. ಹತ್ತಿಯ ಗಾದಿಯ ದಿವಾನ ಒಂದಕ್ಕೆ 24. ದಪ್ಪ ಜಮಖಾನವನ್ನು ಅರ್ಧ ನೆಲಕ್ಕೆ ಹಾಸಿದರೆ 27. ಪುಸ್ತಕಗಳು ತುಂಬಿದ ಕಪಾಟಿಗೆ ಹನ್ನೆರಡು. ಕುಳಿತು ಕೇಳುವ ಮನುಷ್ಯನೊಬ್ಬನಿಗೆ ಐದರಂತೆ ನಾಲ್ವರಿಗೆ 20. ಉಳಿದುದಕ್ಕೆ ನಾಲ್ಕಂಗುಲ ದಪ್ಪದ ಕಲ್ಲುನಾರಿನ, ಎಂದರೆ ರಾಕ್‌ವೂಲಿನ, ಹಲಗೆಗಳನ್ನು ಬಟ್ಟೆಯಲ್ಲಿ ಹೊದಿಸಿ, 2 ಅಡಿಗೆ 4 ಅಡಿಯಂತಹ ಎಂಟನ್ನು ಗೋಡೆಗೆ ತೂಗಿದರೆ 64. ಬರಿಯ ಕೋಣೆಯ 27ನ್ನು ಕೂಡಿಸಿದರೆ ಒಟ್ಟು 214, ಗುರಿಗೆ ಸಮೀಪವೇ. ಇವು ಮಧ್ಯಮಶ್ರುತಿಯ ನಾದಗಳಿಗೆ ಒಪ್ಪುವ ಸ್ಥೂಲವಾದ ಅಂಕೆಗಳು. ಬಟ್ಟೆ, ದಪ್ಪ, ತೂಗಿದ ಕ್ರಮ ಇವುಗಳನ್ನು ಅನುಸರಿಸಿ ಹೆಚ್ಚುಕಡಿಮೆಯಾಗುವುವು. ಚಿಕ್ಕ ಕೋಣೆಗೆ ಸೇಬಿನ್‌ನ ಸೂತ್ರವೂ ಅಂದಾಜನ್ನೇ ಹೇಳುವುದು. ಆದರೂ ದಾರಿಯನ್ನು ತೋರಿಸಲು ಸಾಕು.

ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಹೆಂಗಸರು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಕಿ ಹೊಲಿಯುತ್ತಿದ್ದ ಕೌದಿಯು ಈ ಕಾರ್ಯಕ್ಕೆ ಹೇಳಿ ಮಾಡಿಸಿದ ವಸ್ತು. ತಂದೆಯ ಮಾಳಿಗೆಮನೆಯಲ್ಲಿ ವಚನವು ಸ್ಪಷ್ಟವಾಗಿ ಕೇಳಿದ ರಹಸ್ಯವೂ ಇಲ್ಲಿಯೇ ಇದೆ. ಸುಣ್ಣ ಬಳಿದ ಮಣ್ಣಿನ ಗೋಡೆ, ಸಾರಿಸಿದ ನೆಲ, ಮರದ ಜಂತೆ ಹಲಗೆಗಳ ಮಾಳಿಗೆ, ಮೂಲೆಯಲ್ಲಿ ಜೋಳದ ಚೀಲಗಳು, ಗೂಟದಲ್ಲಿ ಕಂಬಳಿ, ಗಳುವಿನ ಮೇಲೆ ಕೌದಿಗಳು, ತೆರೆದ ಬಾಗಿಲು. ಧ್ವನಿಸಂಸ್ಕಾರವೆಂಬ ಹೆಸರನ್ನು ಆ ಮನೆಯವರು ಕೇಳಿರಲಿಲ್ಲ. ಮನೆಗೆ ಮಾತ್ರ ಅದು ಆಗಿತ್ತು.

ಇಲ್ಲಿ ಎರಡು ತಪ್ಪುಗಳನ್ನು ಎತ್ತಿ ಹೇಳಬೇಕು. ಮೊಟ್ಟೆಯಿಡುವ ಕಾಗದದ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಕೋಣೆಯು ಸುಧಾರಿಸುವುದೆಂಬ ನಂಬಿಕೆ ಎಲ್ಲೆಲ್ಲಿಯೂ ಹಬ್ಬಿದೆ. ಅವು ತೆಳುವಾದ ಕಾಗದ. ತಾರನಾದವನ್ನು ಅಲ್ಪಸ್ವಲ್ಪ ಚದುರಿಸುವುದಲ್ಲದೆ ಬೇರೇನನ್ನೂ ಸಾಧಿಸವು. ಎರಡನೆಯದು ಇದಕ್ಕಿಂತ ಭಯಂಕರ. ಅಗ್ಗದ ಪಾಲಿಯುರೆಥೇನ್ ಫೋಮನ್ನು ಗೋಡೆ ತಾರಸಿಗಳಿಗೆಲ್ಲ ಅಂಟಿಸುವವರುಂಟು. ಅಗ್ನಿನಿರೋಧಕ ಸಂಸ್ಕಾರವಿಲ್ಲದ ಈ ಫೋಮು ಕಿಡಿ ತಾಕಿದರೆ ಕ್ಷಣಾರ್ಧದಲ್ಲಿ ಹೊತ್ತಿ ವಿಷಧೂಮವನ್ನು ಉಗುಳುವುದು. ಅಮೆರಿಕದ ವೆಸ್ಟ್ ವಾರ್ವಿಕ್ ಎಂಬ ಊರಿನಲ್ಲಿ 2003ರ ಫೆಬ್ರವರಿ 20ರ ರಾತ್ರಿ ಒಂದು ಸಂಗೀತಶಾಲೆಯ ಗೋಡೆಯ ಫೋಮಿಗೆ ಬಾಣಬಿರುಸಿನ ಕಿಡಿ ತಗುಲಿ 100 ಜನ ಸತ್ತರು. ಬ್ರೆಜಿಲ್ ದೇಶದ ಸಾಂತಾ ಮರಿಯಾದಲ್ಲಿ 2013ರ ಜನವರಿ 27ರಂದು ಇಂತಹದೇ ದುರಂತದಲ್ಲಿ 242 ಜನ ಮಡಿದರು. ಮನೆಯ ಕೋಣೆಯಲ್ಲಿ ಬಾಣಬಿರುಸು ಇಲ್ಲದಿರಬಹುದು. ಊದಿನಕಡ್ಡಿಯುಂಟು, ದೀಪವುಂಟು, ಹಳೆಯ ವಿದ್ಯುತ್ ತಂತಿಯುಂಟು. ಕಲ್ಲುನಾರು, ಗಾಜುನಾರುಗಳು ಸುಡುವುದಿಲ್ಲ. ಆದರೆ ಅವುಗಳನ್ನು ಕತ್ತರಿಸುವಾಗ ಕೈಗವಸನ್ನೂ ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಳ್ಳಬೇಕು.

ಎಷ್ಟು ಹೀರಬೇಕೆಂಬುದರಂತೆಯೇ ಎಲ್ಲಿ ಹೀರಬೇಕೆಂಬುದೂ ಮುಖ್ಯ. ಸ್ಪೀಕರಿನಿಂದ ಹೊರಟ ನಾದವು ನೇರವಾಗಿ ಕಿವಿಯನ್ನು ಸೇರಿದ ಬೆನ್ನಿಗೇ, ಪಕ್ಕದ ಗೋಡೆಗೆ ಬಡಿದ ಅದರ ಪ್ರತಿಯು ಸೆಕೆಂಡಿನ ಕೆಲವೇ ಸಾವಿರಾಂಶಗಳಷ್ಟು ತಡವಾಗಿ ಬರುತ್ತದೆ. ಕಿವಿಗೆ ಇವೆರಡು ಬೇರೆಯಾಗಿ ತೋರುವುದಿಲ್ಲ. ಆದರೆ ನಾದದ ಬಣ್ಣವು ಕೆಡುವುದು, ಗಾಯಕನು ಎಲ್ಲಿ ಕುಳಿತು ಹಾಡುತ್ತಿದ್ದಾನೆಂಬ ಚಿತ್ರವೂ ಕದಡುವುದು. ಆ ಸ್ಥಳವನ್ನು ಕಂಡುಹಿಡಿಯಲು ಸುಲಭವಾದ ಉಪಾಯವಿದೆ. ಕೇಳುವವನು ತನ್ನ ಆಸನದಲ್ಲಿ ಕುಳಿತಿರಲಿ. ಇನ್ನೊಬ್ಬನು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿಯೊಂದನ್ನು ಸರಿಸುತ್ತ ಹೋಗಲಿ. ಕುಳಿತವನಿಗೆ ಕನ್ನಡಿಯಲ್ಲಿ ಸ್ಪೀಕರು ಕಂಡ ಜಾಗವೇ ನಾದವು ಬಡಿದು ಬರುವ ಜಾಗ. ಮೊದಲ ಹಲಗೆಗಳು ಅಲ್ಲಿಗೆ ಸಲ್ಲಬೇಕು. ಹಾಗೆಯೇ ಎದುರುಬದುರಾದ ಎರಡು ಬರಿಯ ಗೋಡೆಗಳ ನಡುವೆ ನಿಂತು ಚಪ್ಪಾಳೆ ತಟ್ಟಿದಾಗ ಟರ್‌ರೆಂಬ ಕಂಪಿತಶಬ್ದ ಕೇಳಿದರೆ, ಎರಡರಲ್ಲಿ ಒಂದು ಗೋಡೆಯನ್ನಾದರೂ ಮುರಿಯಬೇಕು. ಸುತ್ತಿಗೆಯಿಂದಲ್ಲ, ಪರದೆಯಿಂದ ಅಥವಾ ಪುಸ್ತಕದ ಕಪಾಟಿನಿಂದ.

ಎಲ್ಲಕ್ಕಿಂತ ಹಟಮಾರಿಯಾದುದು ಮಂದ್ರನಾದ. ನಾದವು ತಗ್ಗಿದಂತೆ ಅದರ ಅಲೆಯು ಉದ್ದವಾಗುವುದು. 100 ಹರ್ಟ್ಸಿನ ನಾದದ ಅಲೆ 11 ಅಡಿಗೂ ಮಿಗಿಲು. ಅಂಗುಲ ದಪ್ಪದ ಫೋಮು ಅದನ್ನು ತಡೆಯುವುದೆಂದರೆ ಮೀನಿನ ಬಲೆಯಿಂದ ನೀರನ್ನು ತಡೆದಂತೆ. ಎದುರುಬದುರು ಗೋಡೆಗಳ ನಡುವೆ ಅಲೆಯ ಅರ್ಧವು ಸರಿಯಾಗಿ ಹಿಡಿಸಿದರೆ, ಆ ನಾದವು ಅಲ್ಲಿಯೇ ನಿಂತು ಬೆಳೆಯುತ್ತದೆ. 15 ಅಡಿಗೆ ಸುಮಾರು 38, 12 ಅಡಿಗೆ 47, 10 ಅಡಿಗೆ 56 ಹರ್ಟ್ಸ್, ಮತ್ತು ಇವುಗಳ ಗುಣಕಗಳು. ಮೂರಳತೆಯೂ ಸಮನಾದ ಚೌಕದ ಕೋಣೆಯಲ್ಲಿ ಮೂರು ದೋಷಗಳು ಒಂದೇ ನಾದದ ಮೇಲೆ ಬೀಳುವುದರಿಂದ ಅಂತಹ ಕೋಣೆಯನ್ನು ಆರಿಸಲೇಬಾರದು. ಕಪ್ಪು ಒಂದರ ಶ್ರುತಿಗೆ ಹೂಡಿದ ಗಂಡುತಂಬೂರಿಯ ಖರಜದ ತಂತಿಯ ಮೂಲನಾದ ಸುಮಾರು 69 ಹರ್ಟ್ಸ್. ಕೋಣೆಯ ಅಗಲವು 8 ಅಡಿ 2 ಅಂಗುಲವಿದ್ದರೆ ಆ ಒಂದು ನಾದವೇ ಉಬ್ಬಿ ಉಳಿದ ತಂತಿಗಳನ್ನು ನುಂಗುವುದು. ಇದು ಯಂತ್ರದ ದೋಷವೂ ಅಲ್ಲ, ತಂಬೂರಿಯ ದೋಷವೂ ಅಲ್ಲ.

ಮಂದ್ರನಾದವು ಎಲ್ಲಕ್ಕಿಂತ ಬಲವಾಗಿ ಒತ್ತುವುದು ಕೋಣೆಯ ಮೂಲೆಗಳಲ್ಲಿ. ಅದಕ್ಕಾಗಿ ಒಂದೆರಡು ಅಡಿ ದಪ್ಪದ ಕಲ್ಲುನಾರಿನ ಕಂಬಗಳನ್ನು ನೆಲದಿಂದ ತಾರಸಿಯವರೆಗೆ ಮೂಲೆಗಳಲ್ಲಿ ನಿಲ್ಲಿಸುತ್ತಾರೆ. ಗೋಡೆಯಿಂದ ನಾಲ್ಕಾರು ಅಂಗುಲ ಬಿಟ್ಟು ಬಡಿದ ತೆಳುವಾದ ಪ್ಲೈವುಡ್ ಹಲಗೆಯೂ ತಾನು ಅದುರುವುದರ ಮೂಲಕ ಮಂದ್ರವನ್ನು ಹೀರುವುದು. ಮಾಳಿಗೆಮನೆಯ ಮರದ ಹಲಗೆಗಳು ಮಾಡುತ್ತಿದ್ದುದೂ ಇದನ್ನೇ. ಮೂರನೆಯ ಬಗೆ ಕೊಡದ್ದು. ಬರಿಯ ಕೊಡದ ಬಾಯಿಗೆ ಕಿವಿಯಿಟ್ಟರೆ ಅದು ತನ್ನದೊಂದೇ ಶ್ರುತಿಯಲ್ಲಿ ಗುಂಯ್ಗುಡುವುದಷ್ಟೆ; ಆ ಶ್ರುತಿಯನ್ನೇ ಅದು ಹಿಡಿಯಬಲ್ಲುದು. ಯುರೋಪಿನ ಹಳೆಯ ಇಗರ್ಜಿಗಳ ಗೋಡೆಗಳಲ್ಲಿ ಮಣ್ಣಿನ ಗಡಿಗೆಗಳನ್ನು ಬಾಯಿ ಹೊರಮಾಡಿ ಹೂಳಿದ್ದುಂಟು. ಇದರ ಗಣಿತವನ್ನು ಬಿಡಿಸಿದವನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್. ಆದರೆ ಮನೆಯಲ್ಲಿ ಕಾಸಿನ ಖರ್ಚಿಲ್ಲದೆ ದೊರೆಯುವ ಪರಿಹಾರವೆಂದರೆ ಆಸನವನ್ನು ಸರಿಸುವುದು. ಹಿಂಗೋಡೆಗೆ ಒರಗಿ ಕುಳಿತರೆ ಮಂದ್ರವು ಉಬ್ಬುವುದು. ನಟ್ಟನಡುವೆ ಕುಳಿತರೆ ಕೆಲವು ನಾದಗಳು ಮಾಯವಾಗುವುವು. ಎರಡರ ನಡುವೆ ಒಂದೊಂದು ಗೇಣು ಸರಿದು ನೋಡಬೇಕು. ಹೀಗೆ ಮಾಯವಾದ ನಾದವನ್ನು ಇಂದಿನ ಯಂತ್ರಗಳ ಗಣಕ ತಿದ್ದುಪಡಿಯೂ ಮರಳಿ ತರಲಾರದು. ಉಬ್ಬನ್ನು ತಗ್ಗಿಸುವಷ್ಟೇ ಅದರ ಸಾಮರ್ಥ್ಯ.

ಹೀರುವುದೊಂದೇ ಸಂಸ್ಕಾರವೆಂದು ಬಗೆದು ಕೋಣೆಯನ್ನೆಲ್ಲ ಮೆತ್ತೆಯಿಂದ ಮುಚ್ಚಿದರೆ ಇನ್ನೊಂದು ಅನರ್ಥ. ತೆಳುವಾದ ಮೆತ್ತೆಯು ತಾರನಾದವನ್ನೆಲ್ಲ ನುಂಗಿ ಮಂದ್ರವನ್ನು ಹಾಗೆಯೇ ಬಿಡುವುದರಿಂದ, ಸಂಗೀತವು ಗೋಣಿಚೀಲದೊಳಗಿಂದ ಬಂದಂತಾಗುವುದು. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಪ್ರೇಕ್ಷಾಗೃಹವನ್ನು ವಿಧಿಸುವಾಗ ಈ ಎರಡು ಕೊನೆಗಳನ್ನೂ ಬಲ್ಲವನಂತೆ ನುಡಿದಿದ್ದಾನೆ. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮನೆಯೇ ಸಾಕು. ಅದಕ್ಕೂ ದೊಡ್ಡದಾದರೆ ನಟನ ಮಾತು ವಿಸ್ವರವಾಗುವುದೆಂದು ಎಚ್ಚರಿಸಿದನು. ಅದೇ ಉಸಿರಿನಲ್ಲಿ, ಮನೆಯು ಬೆಟ್ಟದ ಗುಹೆಯಂತಿರಬೇಕು, ಗಾಳಿಯ ಹೊಡೆತವಿರಬಾರದು, ಕಿಟಕಿಗಳು ಚಿಕ್ಕವಿರಬೇಕು, ವಾದ್ಯಗಳ ನಾದವು ಗಂಭೀರವಾಗಿ ಉಳಿಯಬೇಕು ಎಂದೂ ಹೇಳಿದನು. ನಾದವು ಸಾಯಬಾರದು, ಮಾತು ಅಳಿಯಬಾರದು. ಆ ನಡುವಿನ ಹದವನ್ನು ಅವನು ಗುರುತಿಸಿದ್ದನು.

ಗುಣವನ್ನಿರಿಸುವ ಅಂಗವು ಇಲ್ಲಿಯೇ ಬರುತ್ತದೆ. ನಾದವನ್ನು ಹೀರದೆ ಚದುರಿಸುವುದು ಅದರ ಬಗೆ. ನುಣುಪಾದ ಗೋಡೆಯು ಅಲೆಯನ್ನು ಹಿಡಿಯಾಗಿ ಹಿಂದಿರುಗಿಸಿದರೆ, ಏರುತಗ್ಗಿನ ಗೋಡೆಯು ಅದನ್ನು ಚೂರುಚೂರಾಗಿ ಎಲ್ಲ ದಿಕ್ಕಿಗೂ ಎರಚುವುದು. 1970ರ ದಶಕದಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಎಂಬ ಜರ್ಮನ್ ವಿಜ್ಞಾನಿಯು ಸಂಖ್ಯಾಶಾಸ್ತ್ರದ ಒಂದು ಗುಣವನ್ನು ಇದಕ್ಕೆ ಬಳಸಿದನು. ಸೊನ್ನೆಯಿಂದ ಆರರವರೆಗಿನ ಅಂಕೆಗಳನ್ನು ವರ್ಗಿಸಿ, ಏಳರಿಂದ ಭಾಗಿಸಿದಾಗ ಉಳಿಯುವ ಶೇಷಗಳು 0, 1, 4, 2, 2, 4, 1. ಮರದ ಪೆಟ್ಟಿಗೆಯಲ್ಲಿ ಈ ಪ್ರಮಾಣದ ಆಳಕ್ಕೆ ಏಳು ಕಾಲುವೆಗಳನ್ನು ತೋಡಿದರೆ ನಾದವು ಸಮನಾಗಿ ಚದುರುವುದು. ಪ್ರಸ್ತಾರದ ಲೆಕ್ಕವನ್ನು ಬಲ್ಲ ನಮ್ಮ ಛಂದಸ್ಸಿನ ವಿದ್ವಾಂಸರು ಇದನ್ನು ನೋಡಿ ಹಿಗ್ಗಿಯಾರು. ಬಡಗಿಯು ಸಿಗದಿದ್ದರೆ ದೊಡ್ಡದು, ಚಿಕ್ಕದು, ಮುಂದು, ಹಿಂದಾಗಿ ಜೋಡಿಸಿದ ಪುಸ್ತಕಗಳ ಕಪಾಟನ್ನು ಬೆನ್ನ ಹಿಂದಿನ ಗೋಡೆಗೆ ನಿಲ್ಲಿಸಿದರೂ ನಡೆದೀತು.

ಧ್ವನಿಸಂಸ್ಕಾರದಿಂದ ನೆರೆಮನೆಯವರಿಗೆ ಶಬ್ದವು ಕೇಳದಂತಾಗುವುದೆಂಬ ಭ್ರಮೆಯೂ ಉಂಟು. ಕೋಣೆಯೊಳಗಿನ ನಾದವನ್ನು ತಿದ್ದುವುದು ಬೇರೆ, ಹೊರಹೋಗದಂತೆ ತಡೆಯುವುದು ಬೇರೆ. ತಡೆಯಲು ಬೇಕಾದುದು ಮೆತ್ತೆಯಲ್ಲ. ಭಾರವಾದ ಗೋಡೆ, ಭಾರವಾದ ಕದ, ಸಂದಿಲ್ಲದ ಚೌಕಟ್ಟು. ಕದದ ಕೆಳಗೆ ಬೆರಳಗಲದ ಸಂದಿದ್ದರೆ ಗೋಡೆಯ ಭಾರವೆಲ್ಲ ವ್ಯರ್ಥ.

ಆದ್ದರಿಂದ ಹೊಸ ಮನೆಯ ಗೃಹಸ್ಥನು ಯಂತ್ರವನ್ನು ಬದಲಿಸುವ ಮೊದಲು ಮಾಡಬೇಕಾದುದು ಇಷ್ಟು. ಮನೆಯ ಟ್ರಂಕಿನಿಂದ ನಾಲ್ಕೈದು ಕೌದಿಗಳನ್ನು ತೆಗೆದು, ಕನ್ನಡಿಯು ತೋರಿಸಿದ ಜಾಗಗಳಲ್ಲಿ ಎರಡು ಪದರವಾಗಿ, ಗೋಡೆಗೆ ತಾಗದಂತೆ ಇಳಿಬಿಡಲಿ. ಹತ್ತಿಯ ಹಾಸಿಗೆಗಳನ್ನು ಸುರುಳಿ ಸುತ್ತಿ ಎರಡು ಮೂಲೆಗಳಲ್ಲಿ ನಿಲ್ಲಿಸಲಿ. ಆಸನವನ್ನು ಹಿಂಗೋಡೆಯಿಂದ ಮೂರಡಿ ಮುಂದಕ್ಕೆ ಎಳೆಯಲಿ. ಅದೇ ವಚನವನ್ನು ಅದೇ ಮಟ್ಟದ ಶಬ್ದದಲ್ಲಿ ಮತ್ತೆ ಹಚ್ಚಿ, ಮನೆಯ ಹಿರಿಯರನ್ನೂ ಕರೆದು ಕುಳ್ಳಿರಿಸಿ, ಕೇಳಿದ ಮಾತುಗಳನ್ನು ಕಾಗದದ ಮೇಲೆ ಬರೆಯಿಸಲಿ. ಮೊದಲು ಬಿಟ್ಟುಹೋದ ಅಕ್ಷರಗಳು ಎಷ್ಟು ಮರಳಿ ಬಂದವೆಂಬುದು ಅಲ್ಲಿಯೇ ಗೊತ್ತಾಗುವುದು. ಯಾವ ಗೋಡೆಯ ಕೌದಿಯನ್ನು ತೆಗೆದಾಗ ಮಾತು ಮತ್ತೆ ಕದಡಿತೆಂಬುದನ್ನು ಗುರುತುಹಾಕಿಕೊಂಡ ಬಳಿಕ ಬಡಗಿಯನ್ನು ಕರೆಸಬಹುದು.